ಬೇಡರು ಮತ್ತು ಫೀನಿಯನ್ನರು: ಎರಡು ಹೆಸರುಗಳ ವಿಚಾರ

ವಿಜಾಪುರದ ಪಶ್ಚಿಮಕ್ಕೆ ಸಮೀಪದಲ್ಲಿರುವ ತೊರವಿಯು ಎರಡು ಕಾರಣಗಳಿಂದ ಪ್ರಸಿದ್ಧವಾದ ಊರು. ಎರಡನೆಯ ಇಬ್ರಾಹಿಮ ಆದಿಲಶಹನು ೧೫೯೯ರಲ್ಲಿ ಇಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನು. ೧೬೨೪ರಲ್ಲಿ ಮಲಿಕ ಅಂಬರನ ದಂಡು ಅದನ್ನು ಹಾಳುಗೆಡವಿತು. ಇಂದು ಸಂಗೀತಮಹಲು ಮೊದಲಾದ ಕೆಲವು ಕಟ್ಟಡಗಳ ಅವಶೇಷಗಳು ಮಾತ್ರ ಅಲ್ಲಿ ಉಳಿದಿರುವವು. ಎರಡನೆಯ ಕಾರಣವು ಇಲ್ಲಿಯ ನರಸಿಂಹನ ಭಕ್ತನಾದ ನರಹರಿಯೆಂಬ ಕವಿಯು. ಅವನು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ರಾಮಕಥೆಯು ಊರಿನ ಹೆಸರಿನಿಂದಲೇ ತೊರವೆ ರಾಮಾಯಣವೆಂದು ನಾಡಿನಲ್ಲೆಲ್ಲ ಓದಲ್ಪಟ್ಟಿತು. ಅರಸನ ನಗರವು ಇಪ್ಪತ್ತೈದು ವರ್ಷಗಳಲ್ಲಿ ಪಾಳಾಯಿತು. ಕವಿಯು ತನಗೆ ತಾನೇ ಇಟ್ಟುಕೊಂಡ ಹೆಸರು ಇಂದಿಗೂ ಉಳಿದಿದೆ. ಆ ಹೆಸರು ಕುಮಾರವಾಲ್ಮೀಕಿ.

ಈ ಹೆಸರಿನ ಹಿಂದೆ ಒಂದು ಸ್ವಾರಸ್ಯವುಂಟು. ರಾಮಾಯಣದ ಆರಂಭದಲ್ಲಿ ಕ್ರೌಂಚಪಕ್ಷಿಯನ್ನು ಹೊಡೆದ ನಿಷಾದನಿಗೆ ಮುನಿಯು ಶಾಪವನ್ನು ಕೊಡುತ್ತಾನೆ. ಆ ಶಾಪವೇ ಶ್ಲೋಕವಾಯಿತೆಂದು ಪರಂಪರೆಯು ಹೇಳುವದು. ಹೀಗೆ ಆದಿಕಾವ್ಯವು ಒಬ್ಬ ಬೇಡನನ್ನು ಶಪಿಸುವದರಿಂದ ಮೊದಲಾಗುವದು. ಆದರೆ ಜನರ ಬಾಯಲ್ಲಿರುವ ಕಥೆಯು ಆ ಮುನಿಯೇ ಮೊದಲು ಬೇಡನಾಗಿದ್ದನೆಂದೂ, ದಾರಿಕಾರರನ್ನು ಸುಲಿದು ಬದುಕುತ್ತಿದ್ದನೆಂದೂ, ರಾಮನಾಮದಿಂದ ಋಷಿಯಾದನೆಂದೂ ಸಾರುವದು. ಶಪಿಸಿದವನೂ ಬೇಡ, ಶಾಪಕ್ಕೆ ಗುರಿಯಾದವನೂ ಬೇಡ. ಕನ್ನಡನಾಡಿನ ಬೇಡ ಸಮಾಜದವರು ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ಪೂಜಿಸುವದು ಈ ಕಥೆಯ ಆಧಾರದಿಂದಲೇ. ಒಂದೇ ಹೆಸರಿನಲ್ಲಿ ಗೌರವವೂ ನಿಂದೆಯೂ ಹೀಗೆ ಕೂಡಿ ಬಂದುದು ಹೇಗೆಂಬುದು ವಿಚಾರಾರ್ಹವಾದ ವಿಷಯವು. ಅದು ಬರಿಯ ಶಬ್ದಶಾಸ್ತ್ರದ ಮಾತಲ್ಲ. ಒಂದು ಸಮಾಜವು ಈ ಹೆಸರಿನ ಸಲುವಾಗಿಯೇ ಅನೇಕ ವರ್ಷ ಶಿಕ್ಷೆಯನ್ನು ಅನುಭವಿಸಿತು.

ಮೊದಲು ಶಬ್ದದ ಅರ್ಥವನ್ನು ನೋಡತಕ್ಕದ್ದು. ಬೇಡನೆಂದರೆ ಬೇಟೆಯಾಡುವವನು. ಇಂದಿನ ‘ಬೇಟೆ’ಯು ಹಳಗನ್ನಡದಲ್ಲಿ ‘ಬೇಂಟೆ’ಯೆಂದಿತ್ತು. ತಮಿಳಿನಲ್ಲಿ ಬೇಟೆಗೆ ‘ವೇಟ್ಟೈ’, ಬೇಡನಿಗೆ ‘ವೇಡನ್’; ತೆಲುಗಿನಲ್ಲಿ ಬೇಟೆಗೆ ‘ವೇಟ’, ಬೆನ್ನಟ್ಟುವದಕ್ಕೆ ‘ವೆಂಟಾಡು’. ತಮಿಳಿನ ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವದು ನಿಯಮವು. ‘ವೇರ್’ ಎಂಬುದು ನಮ್ಮಲ್ಲಿ ಬೇರು, ‘ವೆಳ್ಳಿ’ಯೆಂಬುದು ಬೆಳ್ಳಿ. ಆದುದರಿಂದ ಬೇಡ ಶಬ್ದವು ದ್ರಾವಿಡ ಭಾಷೆಗಳ ಸಾಮಾನ್ಯ ಸ್ವತ್ತು. ಬೆನ್ನಟ್ಟಿ ಹೋಗುವವನು, ಬಿಡದೆ ಹಿಂಬಾಲಿಸುವವನು ಎಂಬುದು ಅದರ ತಿರುಳು. ಸಂಸ್ಕೃತದ ‘ವ್ಯಾಧ’ದಿಂದ ಇದು ಬಂದಿತೆಂದು ಹೇಳುವವರುಂಟು, ಆದರೆ ಬೇಂಟೆಯ ಬಿಂದುವಿಗೂ ತಮಿಳಿನ ಟಕಾರದ ಒತ್ತಿಗೂ ಆ ಮೂಲದಿಂದ ಸಮಾಧಾನ ದೊರೆಯುವದಿಲ್ಲ. ಯಾಚಿಸುವದೆಂಬ ಅರ್ಥದ ‘ಬೇಡು’, ನಿಷೇಧದ ‘ಬೇಡ’ ಇವು ತಮಿಳಿನ ‘ವೇಂಡು’ ಎಂಬುದರ ಬಳಗದವು. ಧ್ವನಿಯಲ್ಲಿ ಒಂದಾದರೂ ಮೂಲದಲ್ಲಿ ಬೇರೆ. ಬೇಡುವವನು ಬೇಡನಲ್ಲ.

ಇನ್ನೊಂದು ವ್ಯುತ್ಪತ್ತಿಯು ಜನಪ್ರಿಯವಾಗಿರುವದು. ಉರ್ದು, ಮರಾಠಿ ಮಾತುಗಳಲ್ಲಿ ಬೇಡರನ್ನು ‘ಬೇಡರ’ ಎನ್ನುವದುಂಟು. ‘ಬೇ’ ಎಂದರೆ ಇಲ್ಲದ, ‘ಡರ’ ಎಂದರೆ ಅಂಜಿಕೆ. ಅಂಜಿಕೆಯಿಲ್ಲದವರೇ ಬೇಡರು ಎಂದು ಇದರ ಅರ್ಥ ಹೇಳುವರು. ಕೇಳಲು ಇದು ಇಂಪಾದುದು. ಆ ಜನರ ಶೌರ್ಯಕ್ಕೂ ಒಪ್ಪುವದು. ಆದರೆ ಪಾರಸಿಯ ಉಪಸರ್ಗಕ್ಕೆ ಹಿಂದಿಯ ನಾಮಪದವನ್ನು ಕೂಡಿಸಿದ ಈ ಶಬ್ದವು ಮುಸಲ್ಮಾನ ಅರಸರು ದಕ್ಷಿಣಕ್ಕೆ ಬಂದ ಮೇಲೆ ಮಾತ್ರ ಹುಟ್ಟಬಹುದಾದುದು. ಬೇಡ ಶಬ್ದವೋ ಅದಕ್ಕಿಂತ ಬಹು ಹಿಂದಿನದು. ೧೨೦೦ರ ಸುಮಾರಿನ ಹರಿಹರನು ತನ್ನ ರಗಳೆಯಲ್ಲಿ ಬೇಡರ ಕಣ್ಣಪ್ಪನ ಕಥೆಯನ್ನು ಹೇಳಿದನು. ಅವನಿಗೂ ಹಿಂದಿನ ಕವಿಗಳಲ್ಲಿ ಈ ಶಬ್ದವು ದೊರೆಯುವದು. ಹೀಗೆ ‘ಅಂಜಿಕೆಯಿಲ್ಲದವ’ನೆಂಬುದು ಹೆಸರಿನ ಮೂಲವಲ್ಲ, ಹೆಸರಿಗೆ ತರುವಾಯ ತೊಡಿಸಿದ ಒಡವೆ. ಇಂಥ ಒಡವೆಯು ಬೇಕೆನಿಸಿದುದು ಏತಕ್ಕೆಂದು ಮುಂದೆ ತಿಳಿದುಬರುವದು.

ಹಳೆಯ ಕನ್ನಡಿಗರಿಗೆ ಬೇಟೆಯು ಹೀನವಾದ ವೃತ್ತಿಯಾಗಿರಲಿಲ್ಲ. ಪಂಪನು ತನ್ನ ಭಾರತದಲ್ಲಿ ಬೇಟೆಯನ್ನು ವಿಸ್ತಾರವಾಗಿ ವರ್ಣಿಸಿರುವನು. ಹತ್ತನೆಯ ಶತಮಾನದ ನಡುವಿನ ಆತಕೂರಿನ ಶಾಸನವು ಕಾಳಿಯೆಂಬ ಬೇಟೆನಾಯಿಯು ಒಂದು ಹಂದಿಯೊಡನೆ ಹೋರಾಡಿ ಮಡಿದುದನ್ನು ವೀರನ ಮರಣದಂತೆಯೇ ಕಲ್ಲಿನಲ್ಲಿ ಬರೆಯಿಸಿತು. ಶಿವನು ಅರ್ಜುನನನ್ನು ಪರೀಕ್ಷಿಸಿದುದು ಕಿರಾತನ ವೇಷದಿಂದಲೇ. ಆದರೆ ಸತ್ಯವನ್ನು ಮರೆಮಾಚಲಾಗದು: ಕಾಡಂಚಿನಲ್ಲಿದ್ದ ಬೇಡಪಡೆಗಳು ಊರಿನ ತುರುಗಳನ್ನು ಹೊಡೆದುಕೊಂಡು ಹೋದ ಸಂಗತಿಯೂ, ಅವರನ್ನು ಅಡ್ಡಗಟ್ಟಿ ಸತ್ತ ಊರವರ ಸಂಗತಿಯೂ ವೀರಗಲ್ಲುಗಳಲ್ಲಿ ಕಂಡುಬರುವವು. ಬಿಲ್ಲು ಹಿಡಿದವನು ಅರಸನಿಗೆ ಬೇಕಾದಾಗ ಕಾಲಾಳು, ಊರಿಗೆ ಬೇಕಾದಾಗ ತಳವಾರ, ಯಾರಿಗೂ ಬೇಡವಾದಾಗ ಕಳ್ಳ. ವೃತ್ತಿಯು ಒಂದೇ, ಅದಕ್ಕೆ ಇಡುವ ಹೆಸರು ನೋಡುವವರ ಕಣ್ಣಿನಂತೆ ಬೇರೆಯಾಗುವದು.

ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ಈ ಜನರ ನಾಯಕರು ಕೃಷ್ಣಾ ಭೀಮಾ ನದಿಗಳ ನಡುವಿನ ಸೀಮೆಯಲ್ಲಿ ಬಲಿಷ್ಠರಾದರು. ೧೬೮೬ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದನು. ರಾಜಧಾನಿಯು ಬಿದ್ದರೂ ನಾಯಕರು ಬೀಳಲಿಲ್ಲ. ೧೭೦೫ರಲ್ಲಿ ಆ ಬಾದಶಹನು ಮುಪ್ಪಿನ ದಿನಗಳಲ್ಲಿ ತಾನೇ ಬಂದು ಪೀಡಾ ನಾಯಕನ ವಾಗಿನಗೇರಿಯನ್ನು ಮುತ್ತಬೇಕಾಯಿತು. ಕೋಟೆಯು ಅವನ ಕೈಸೇರಿತು. ಆದರೆ ನಾಯಕನು ತಪ್ಪಿಸಿಕೊಂಡನು. ಅವನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಅದೇ ಕೊನೆಯದು. ಮುಂದೆ ಈ ಮನೆತನವು ಸುರಪುರದಲ್ಲಿ ನೆಲೆಸಿ ಆಳಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರ ಆಳಿಕೆಯು ನಾಡಿನಲ್ಲಿ ಬೇರೂರಿತು. ೧೮೫೭ರಲ್ಲಿ ಸರಕಾರವು ಜನರ ಆಯುಧಗಳನ್ನು ದಾಖಲು ಮಾಡಿಸಿ ಪರವಾನಿಗೆಯಿಲ್ಲದವುಗಳನ್ನು ವಶಪಡಿಸಿಕೊಳ್ಳುವ ಕಾಯದೆಯನ್ನು ಮಾಡಿತು. ಅಂದು ಮುಧೋಳ ಸಂಸ್ಥಾನಕ್ಕೆ ಸೇರಿದ್ದ, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಾರೆವೆಂದರು. ಉಳಿದ ಪ್ರಜೆಗಳಿಗೆ ಆಯುಧವು ಒಂದು ವಸ್ತುವಾಗಿದ್ದೀತು. ಬೇಡನಿಗೆ ಅದು ಹೆಸರಿನ ಅರ್ಥವೇ ಆಗಿತ್ತು. ಅದನ್ನು ಕಸಿದುಕೊಂಡರೆ ಉಳಿಯುವದು ಬರಿಯ ಅಕ್ಷರ. ನವಂಬರ ತಿಂಗಳ ಕೊನೆಯಲ್ಲಿ ದಂಡು ಬಂದು ಹಲಗಲಿಯನ್ನು ಮುತ್ತಿ ಸುಟ್ಟಿತು, ಬಹುಜನರು ಸತ್ತರು. ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಜನರನ್ನು ದಶಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಸರಕಾರದ ಕಾಗದಗಳಲ್ಲಿ ಅದು ದಂಗೆ. ಅದನ್ನು ಮಾಡಿದವರು ಅಪರಾಧಿಗಳು. ಲಾವಣಿಕಾರರು ಮಾತ್ರ ಜಡಗ, ಬಾಲ, ಹನುಮ, ರಾಮ ಎಂದು ಅವರನ್ನು ಹೆಸರು ಹಿಡಿದು ಹಾಡಿದರು. ಆ ಲಾವಣಿಯನ್ನು ಬರೆದುಕೊಂಡು ೧೮೮೦ರ ದಶಕದಲ್ಲಿ ಅಚ್ಚು ಹಾಕಿಸಿದವರು ಇಂಗ್ಲಿಷ ಅಧಿಕಾರಿಗಳೇ ಆದ ಫ್ಲೀಟ್ ಅವರು.

ಹಲಗಲಿಯ ಬೂದಿಯು ಆರುವ ಮೊದಲೇ ಸುರಪುರದ ಸರದಿಯು ಬಂದಿತು. ಅಲ್ಲಿಯ ಅರಸ ವೇಂಕಟಪ್ಪ ನಾಯಕನು ಬಾಲ್ಯದಲ್ಲಿ ತಂದೆಯನ್ನು ಕಳೆದುಕೊಂಡವನು. ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ಎಂಬ ಅಧಿಕಾರಿಯು ಅವನನ್ನು ಸಾಕಿ ಓದಿಸಿದನು. ಬಾಲಕನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರನ ಆತ್ಮಕಥೆಯಿಂದ ತಿಳಿಯುವದು. ೧೮೫೩ರಲ್ಲಿ ಅಧಿಕಾರವನ್ನು ವಹಿಸಿಕೊಂಡ ಆ ಅರಸನು ೧೮೫೮ರ ಫೆಬ್ರುವರಿಯಲ್ಲಿ ಇಂಗ್ಲಿಷರ ವಿರುದ್ಧ ಯುದ್ಧ ಮಾಡಿ ಸೋತನು, ಹೈದರಾಬಾದಿನಲ್ಲಿ ಸೆರೆಸಿಕ್ಕನು. ಮರಣದಂಡನೆಯು ರದ್ದಾಗಿ ನಾಲ್ಕು ವರ್ಷಗಳ ಸೆರೆಯೆಂದು ಗೊತ್ತಾಯಿತು. ಆದರೆ ಚೆಂಗಲಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ, ಮೇ ತಿಂಗಳಲ್ಲಿ, ಗುಂಡೇಟಿನಿಂದ ಸತ್ತನು. ೧೮೬೦ರಲ್ಲಿ ಸುರಪುರವು ನಿಜಾಮನ ರಾಜ್ಯಕ್ಕೆ ಸೇರಿತು.

ಅದೇ ವರ್ಷ ಟೇಲರನು ಹಿಂದುಸ್ಥಾನವನ್ನು ಬಿಟ್ಟು ಹೋದನು; ಹೋಗಿ ಮನೆ ಮಾಡಿದುದು ಐರ್ಲಂಡದ ಡಬ್ಲಿನ್ನಿನಲ್ಲಿ. ಆ ಕಾಲದಲ್ಲಿ ಆ ನಗರದಲ್ಲಿ ಇನ್ನೊಂದು ಹೆಸರು ಜನರ ಬಾಯಲ್ಲಿ ಆಡತೊಡಗಿತ್ತು. ಪ್ರಭುಗಳಿಗೆ ಭೀತಿಯನ್ನೂ ಪ್ರಜೆಗಳಿಗೆ ಆಸೆಯನ್ನೂ ಹುಟ್ಟಿಸುತ್ತಿದ್ದ ಹೆಸರು ಅದು. ಅದು ‘ಫೀನಿಯನ್’. ವೇಂಕಟಪ್ಪ ನಾಯಕನು ಸೆರೆಯಲ್ಲಿದ್ದಾಗಲೇ, ೧೮೫೮ರ ಮಾರ್ಚ ೧೭ರಂದು, ಜೇಮ್ಸ್ ಸ್ಟೀಫನ್ಸನೆಂಬವನು ಡಬ್ಲಿನ್ನಿನಲ್ಲಿ ಇಂಗ್ಲಿಷರ ಆಳಿಕೆಯನ್ನು ಬಲದಿಂದ ಕೊನೆಗಾಣಿಸುವ ಒಂದು ಗುಪ್ತಸಂಘವನ್ನು ಸ್ಥಾಪಿಸಿದ್ದನು. ಅದರ ಸೋದರಸಂಘವನ್ನು ಅಮೇರಿಕೆಯ ನ್ಯೂಯಾರ್ಕ ನಗರದಲ್ಲಿ ಕಟ್ಟಿದ ಜಾನ್ ಒಮಾಹನಿಯು ಅದಕ್ಕೆ ಫೀನಿಯನ್ ಸೋದರಮಂಡಲವೆಂದು ಹೆಸರಿಟ್ಟನು. ತರುವಾಯ ಈ ಹೆಸರು ಐರ್ಲಂಡದ ಎಲ್ಲ ಕ್ರಾಂತಿಕಾರರಿಗೂ ಅಂಟಿತು.

ಈ ಶಬ್ದದ ಅರ್ಥವನ್ನು ವಿಚಾರಿಸಿದರೆ ಕನ್ನಡ ವಾಚಕರಿಗೆ ಆಶ್ಚರ್ಯವಾಗದೆ ಇರದು. ಪ್ರಾಚೀನ ಐರಿಷ ಭಾಷೆಯಲ್ಲಿ ‘ಫಿಯನ್’ ಎಂದರೆ ಬೇಟೆಗಾರ ಯೋಧರ ತಂಡ; ಅದರ ಬಹುವಚನವು ‘ಫಿಯನ್ನ’. ಲ್ಯಾಟಿನ್ ಭಾಷೆಯಲ್ಲಿ ಬೇಟೆಯಾಡುವದೆಂಬ ಅರ್ಥದ ಧಾತುವಿಗೂ, ಬೆನ್ನಟ್ಟುವದೆಂಬ ಅರ್ಥದ ಸಂಸ್ಕೃತದ ‘ವೀ’ ಧಾತುವಿಗೂ ಇದು ಸಂಬಂಧಪಟ್ಟುದೆಂದು ಹಲವು ಭಾಷಾಶಾಸ್ತ್ರಜ್ಞರು ಹೇಳುವರು. ನಮ್ಮ ‘ವೇಟ’ಕ್ಕೂ ಅದಕ್ಕೂ ಧ್ವನಿಯಲ್ಲಿ ತುಸು ಹೋಲಿಕೆಯಿದ್ದರೂ ಕುಲಗಳು ಬೇರೆ, ಆ ಹೋಲಿಕೆಯ ಮೇಲೆ ಏನನ್ನೂ ಕಟ್ಟಲಾಗದು. ಆದರೆ ಅರ್ಥದ ಸಾಮ್ಯವು ನಿಜವಾದುದು. ಐರ್ಲಂಡದ ಪುರಾಣಗಳಲ್ಲಿ ಈ ತಂಡಗಳ ನಾಯಕನು ಫಿನ್ ಮಕ್ ಕೂಲ್. ಅವನ ಮಗ ಒಶೀನನು ಕವಿ. ಬ್ರಾನ್, ಸ್ಕೋಲಾನ್ ಎಂಬ ಅವನ ಬೇಟೆನಾಯಿಗಳು ನಮ್ಮ ಕಾಳಿಯಂತೆ ಪ್ರಸಿದ್ಧವು. ಹದಿನೇಳನೆಯ ಶತಮಾನದಲ್ಲಿ ಜೆಫ್ರಿ ಕೀಟಿಂಗನೆಂಬ ಪಾದ್ರಿಯು ಐರಿಷ ಭಾಷೆಯಲ್ಲಿ ಬರೆದ ಇತಿಹಾಸದಲ್ಲಿ ಇವರ ನಡೆವಳಿಯು ಹೇಳಲ್ಪಟ್ಟಿರುವದು. ಚಳಿಗಾಲದ ಅರ್ಧವರ್ಷ ಇವರು ಊರಿನವರ ಅನ್ನವನ್ನು ಉಂಡು ನಾಡನ್ನು ಕಾಯುವರು. ಬೇಸಗೆಯ ಅರ್ಧವರ್ಷ ಕಾಡಿನಲ್ಲಿ ಬೇಟೆಯಾಡಿ ಬದುಕುವರು. ತಂಡವನ್ನು ಸೇರಬೇಕೆನ್ನುವವನು ಕಾವ್ಯದ ಹನ್ನೆರಡು ಗ್ರಂಥಗಳನ್ನು ಬಲ್ಲವನಾಗಿರಬೇಕು. ಆದರೆ ಇವರನ್ನೂ ಮಠದ ಬರಹಗಾರರು ಸುಲಿಗೆಗಾರರ ಸಾಲಿನಲ್ಲಿ ಎಣಿಸಿದುದುಂಟು. ಕಾಡಿನ ಅಂಚಿನಲ್ಲಿ ನಿಂತು ಊರನ್ನು ಕಾಯುವವನಿಗೂ ಊರನ್ನು ಕಾಡುವವನಿಗೂ ನಡುವಿನ ಗೆರೆಯು ಅಲ್ಲಿಯೂ ತೆಳುವಾಗಿತ್ತು.

ಕೀಟಿಂಗನ ಇತಿಹಾಸವನ್ನು ೧೮೫೭ರಲ್ಲಿ ಇಂಗ್ಲಿಷಿಗೆ ತಂದವನು ಒಮಾಹನಿಯೇ. ಹಳೆಯ ಪುಸ್ತಕದಲ್ಲಿ ದೊರೆತ ಬೇಟೆಗಾರರ ಹೆಸರನ್ನು ಅವನು ಹೊಸ ಸಂಘಕ್ಕೆ ಇಟ್ಟನು. ಫೀನಿಯನ್ ಎಂಬ ಇಂಗ್ಲಿಷ ರೂಪದ ಹುಟ್ಟಿನಲ್ಲಿಯೂ ಒಂದು ತಪ್ಪು ಕಲೆತಿರುವದು. ಪ್ರಾಚೀನ ಐರ್ಲಂಡದ ಸ್ವತಂತ್ರ ಭೂಮಾಲಿಕರಿಗೆ ‘ಫೇನೆ’ ಎಂಬ ಹೆಸರಿತ್ತು; ಭೂಮಿಯಿಲ್ಲದ ಯೋಧರ ತಂಡಕ್ಕೆ ‘ಫಿಯನ್’ ಎಂಬ ಹೆಸರಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡನ್ನೂ ವಿದ್ವಾಂಸರು ಬೆರೆಸಿದುದರಿಂದ ಫೀನಿಯನ್ ಶಬ್ದವು ಹುಟ್ಟಿತು. ನಮ್ಮ ‘ಬೇ-ಡರ’ವೂ ಇದೇ ಜಾತಿಯ ಬೆರಕೆ. ಹೆಸರನ್ನು ಪ್ರೀತಿಸುವವರು ಅದರ ಮೂಲವನ್ನು ಇದ್ದುದಕ್ಕಿಂತ ಎತ್ತರವಾಗಿ ಕಾಣುವದು ಎಲ್ಲ ದೇಶಗಳಲ್ಲಿಯೂ ಸಹಜವು.

೧೮೬೭ರ ಮಾರ್ಚಿನಲ್ಲಿ ಫೀನಿಯನ್ನರು ಎದ್ದ ಬಂಡಾಯವು ಬೇಗನೆ ಅಡಗಿತು. ಅದೇ ವರ್ಷ ನವಂಬರದಲ್ಲಿ ಮ್ಯಾಂಚೆಸ್ಟರಿನಲ್ಲಿ ಮೂವರನ್ನು ಗಲ್ಲಿಗೇರಿಸಿದರು. ಇಂಗ್ಲಿಷ ಪತ್ರಿಕೆಗಳ ಮಾತಿನಲ್ಲಿ ಫೀನಿಯನ್ ಎಂದರೆ ಕೊಲೆಗಡುಕನೆಂಬ ಅರ್ಥವು ಬಂದಿತು. ಉತ್ತರ ಐರ್ಲಂಡದಲ್ಲಿ ಅದು ಕ್ಯಾಥೊಲಿಕರನ್ನು ಹೀಯಾಳಿಸುವ ಬೈಗಳಾಗಿ ಇಂದಿಗೂ ಕೇಳಿಬರುವದು. ಆದರೆ ದೇಶಭಕ್ತರು ಹೆಸರನ್ನು ಕೈಬಿಡಲಿಲ್ಲ. ೧೯೦೯ರಲ್ಲಿ ಡಬ್ಲಿನ್ನಿನ ಬಾಲಕರ ದಳಕ್ಕೆ ಅವರು ಫಿಯನ್ನವೆಂದೇ ಹೆಸರಿಟ್ಟರು. ೧೯೧೬ರ ಈಸ್ಟರ್ ಬಂಡಾಯದ ಹಿಂದೆ ಸ್ಟೀಫನ್ಸನು ಸ್ಥಾಪಿಸಿದ ಸಂಘವೇ ಇತ್ತು. ೧೯೨೨ರಲ್ಲಿ ಐರ್ಲಂಡದ ಬಹುಭಾಗವು ಸ್ವರಾಜ್ಯವನ್ನು ಪಡೆದ ತರುವಾಯ ೧೯೨೬ರಲ್ಲಿ ಹುಟ್ಟಿದ ಒಂದು ದೊಡ್ಡ ರಾಜಕೀಯ ಪಕ್ಷವೂ ತನ್ನ ಹೆಸರಿನಲ್ಲಿ ಫಿಯನ್ನವನ್ನು ಸೇರಿಸಿಕೊಂಡಿತು. ಆಳುವವರು ಬೈಗಳೆಂದು ಎಸೆದುದನ್ನು ಆಳಿಸಿಕೊಂಡವರು ಬಿರುದೆಂದು ಎತ್ತಿಕೊಂಡರು.

ಇಷ್ಟರ ಮಟ್ಟಿಗೆ ಎರಡು ಹೆಸರುಗಳ ಕಥೆಯು ಒಂದೇ. ಎರಡಕ್ಕೂ ಬೇಟೆಗಾರನೆಂಬುದೇ ಅರ್ಥ, ಎರಡೂ ಹಳೆಯವು, ಒಂದೇ ಪ್ರಭುತ್ವದ ದಫ್ತರಗಳಲ್ಲಿ ಎರಡೂ ಅಪರಾಧದ ಪರ್ಯಾಯಪದಗಳಾದವು. ಆದರೆ ಮುಖ್ಯವಾದೊಂದು ಭೇದವಿರುವದು. ಅದನ್ನು ಮರೆತರೆ ಹೋಲಿಕೆಯು ಬರಿಯ ವಿನೋದವಾದೀತು. ಫೀನಿಯನ್ ಎಂಬುದು ಆರಿಸಿಕೊಂಡ ಹೆಸರು. ಪ್ರತಿಜ್ಞೆ ಮಾಡಿದವನು ಫೀನಿಯನ್ನನಾದನು. ಪ್ರತಿಜ್ಞೆಯನ್ನು ಬಿಟ್ಟರೆ ಅವನು ಹೆಸರಿನಿಂದಲೂ ಬಿಡುಗಡೆ ಹೊಂದಬಹುದಾಗಿತ್ತು. ಅವನ ಮಗನು ಫೀನಿಯನ್ನನಾಗಿಯೇ ಹುಟ್ಟಲಿಲ್ಲ. ಬೇಡನೆಂಬುದು ಹುಟ್ಟಿನ ಹೆಸರು. ಹಲಗಲಿಯಲ್ಲಿ ಆಯುಧವನ್ನು ಎತ್ತಿದವನೂ ಬೇಡ, ಬೇರೊಂದು ಊರಿನಲ್ಲಿ ನೇಗಿಲು ಹಿಡಿದವನೂ ಬೇಡ, ತೊಟ್ಟಿಲಲ್ಲಿರುವ ಕೂಸೂ ಬೇಡ. ಹೆಸರಿನ ಮೇಲೆ ಬಿದ್ದ ಪೆಟ್ಟು ಈ ಎಲ್ಲರ ಮೇಲೂ ಬಿದ್ದಿತು.

ಈ ಪೆಟ್ಟು ಬಿದ್ದುದು ಕಾಯದೆಯ ರೂಪದಿಂದ. ೧೮೭೧ರಲ್ಲಿ ಉತ್ತರ ಹಿಂದುಸ್ಥಾನಕ್ಕೆಂದು ಮಾಡಲ್ಪಟ್ಟ ಅಪರಾಧಿ ಜನಾಂಗಗಳ ಕಾಯದೆಯು ೧೯೧೧ರಲ್ಲಿ ಉಳಿದ ಪ್ರಾಂತಗಳಿಗೂ ವಿಸ್ತರಿಸಲ್ಪಟ್ಟಿತು. ಒಂದು ಜಾತಿಯ ಹೆಸರನ್ನು ಪಟ್ಟಿಯಲ್ಲಿ ಸೇರಿಸಿದರೆ ಸಾಕು. ಅದರಲ್ಲಿ ಹುಟ್ಟಿದವರಿಗೆ ನೋಂದಣಿ, ಹಾಜರಿ, ಊರು ಬಿಡಲು ಪರವಾನಿಗೆ ಇವೆಲ್ಲ ಅಂಟಬಹುದಾಗಿತ್ತು. ಮುಂಬಯಿ ಇಲಾಖೆಯಲ್ಲಿ ‘ಬೇರಡ’ ಎಂಬ ಹೆಸರೂ ಈ ಪಟ್ಟಿಯನ್ನು ಸೇರಿತು. ತಲೆಮಾರುಗಳಿಂದ ಊರನ್ನು ಕಾಯ್ದ ತಳವಾರರ ಮಕ್ಕಳನ್ನು ಊರಿನ ಪೋಲೀಸರು ಕಾಯತೊಡಗಿದರು. ಮರಾಠಿಯಲ್ಲಿ ‘ಬೇರಡ’ ಎಂಬ ಜಾತಿವಾಚಕವೇ ಮೊಂಡ, ನಾಚಿಕೆಗೆಟ್ಟವ ಎಂಬ ಅರ್ಥದ ವಿಶೇಷಣವಾಯಿತು. ಹೀಗಿರಲು ಆ ಸಮಾಜದವರು ತಮ್ಮನ್ನು ನಾಯಕಮಕ್ಕಳೆಂದು ಕರೆದುಕೊಂಡುದು, ಅಂಜಿಕೆಯಿಲ್ಲದವರೆಂಬ ವ್ಯುತ್ಪತ್ತಿಯನ್ನು ಮೆಚ್ಚಿಕೊಂಡುದು, ವಾಲ್ಮೀಕಿಯ ಹೆಸರನ್ನು ಹೊತ್ತುದು ಏನು ಸೋಜಿಗ? ಮೂಲದ ಹೆಸರಿಗೆ ಕೊಳೆ ಹತ್ತಿದಾಗ ಮನುಷ್ಯನು ಇನ್ನೊಂದು ಹೆಸರಿನ ನೆರಳನ್ನು ಹುಡುಕುವದು ಸಹಜವೇ.

ಸ್ವತಂತ್ರ ಭಾರತದಲ್ಲಿ ಆ ಕಾಯದೆಯು ೧೯೫೨ರಲ್ಲಿ ರದ್ದಾಯಿತು. ಪಟ್ಟಿಯಲ್ಲಿದ್ದವರಿಗೆ ವಿಮುಕ್ತರೆಂಬ ಹೆಸರು ಬಂದಿತು; ಮಹಾರಾಷ್ಟ್ರದ ವಿಮುಕ್ತ ಜಾತಿಗಳಲ್ಲಿ ಬೇರಡರು ಎಣಿಸಲ್ಪಟ್ಟಿರುವರು. ಕರ್ನಾಟಕದಲ್ಲಿ ೧೯೯೧ರಲ್ಲಿ ನಾಯಕ, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕೂಡಿಸಲ್ಪಟ್ಟವು. ಯಾವ ಹೆಸರು ಒಂದು ಪಟ್ಟಿಯಲ್ಲಿ ಸೇರಿದುದರಿಂದ ಕೇಡಾಗಿತ್ತೋ ಅದೇ ಹೆಸರು ಇನ್ನೊಂದು ಪಟ್ಟಿಯಲ್ಲಿ ಸೇರಿದುದರಿಂದ ಶಾಲೆಯ ಬಾಗಿಲೂ ಉದ್ಯೋಗದ ಬಾಗಿಲೂ ತೆರೆದವು. ಆದರೂ ಕಾಯದೆಯ ಪುಸ್ತಕದಿಂದ ಅಳಿದುದು ಜನರ ನಾಲಗೆಯಿಂದ ಅಷ್ಟೇ ಬೇಗ ಅಳಿಯುವದಿಲ್ಲ.

ಆದುದರಿಂದ ಶಬ್ದದ ನಿಜವಾದ ಮೂಲವನ್ನು ತಿಳಿಯುವದರಿಂದ ಪ್ರಯೋಜನವುಂಟು. ಬೇಡನೆಂಬ ಹೆಸರಿಗೆ ಪಾರಸಿಯ ಒಡವೆಯೂ ಬೇಕಿಲ್ಲ, ಮರಾಠಿಯ ಬೈಗಳೂ ತಕ್ಕುದಲ್ಲ. ಗುರಿಯನ್ನು ಹಿಡಿದು ಬಿಡದೆ ಬೆನ್ನಟ್ಟುವವನೆಂಬ ಅದರ ಸ್ವಂತ ಅರ್ಥವೇ ಸಾಕು. ಐರ್ಲಂಡದ ಒಬ್ಬ ಪಂಡಿತನು ಅಂಥದೇ ಅರ್ಥದ ಶಬ್ದವನ್ನು ಹಳೆಯ ಗ್ರಂಥದಿಂದ ಹೆಕ್ಕಿ ತೆಗೆದು ಸ್ವಾತಂತ್ರ್ಯದ ಧ್ವಜಕ್ಕೆ ಕಟ್ಟಿದನು. ಕನ್ನಡಿಗರು ಅದನ್ನು ಯಾವ ಗ್ರಂಥದಿಂದಲೂ ಹೆಕ್ಕಬೇಕಾಗಿಲ್ಲ. ಆ ಶಬ್ದವು ಊರೂರಿನ ಓಣಿಗಳಲ್ಲಿ ಜೀವಂತವಾಗಿದೆ, ಹಲಗಲಿಯ ಲಾವಣಿಯಲ್ಲಿ ಇಂದಿಗೂ ಹಾಡಲ್ಪಡುತ್ತದೆ. ತೊರವಿಯ ನರಹರಿಯು ಕಾವ್ಯಕ್ಕೆ ಕೈಯಿಕ್ಕಿದಾಗ ತನಗೆ ಅರಸನ ಹೆಸರನ್ನಾಗಲಿ ಆಚಾರ್ಯನ ಹೆಸರನ್ನಾಗಲಿ ಇಟ್ಟುಕೊಳ್ಳಲಿಲ್ಲ. ಬೇಡನಾಗಿದ್ದನೆಂದು ಲೋಕವು ಹೇಳುವ ಕವಿಯ ಮಗನೆಂದು ತನ್ನನ್ನು ಕರೆದುಕೊಂಡನು. ಆ ಹೆಸರಿನಲ್ಲಿ ಅವನಿಗೆ ಯಾವ ಕುಂದೂ ಕಾಣಲಿಲ್ಲ.